ಹೃದಯಾಘಾತದ ನಂತರ ಗುಡ್ಡ ಹತ್ತುವವರಿಗೆ ಪೋಲಾರ್ ಎಚ್10 ಎದೆಪಟ್ಟಿ: ಕೊಪ್ಪಳದ ಬಂಡೆಗಳ ನಡುವೆ ಬಳಸಿ ನೋಡಿದ ಅಭಿಪ್ರಾಯ

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು ಮತ್ತೆ ಗುಡ್ಡ ಹತ್ತಬೇಕೆಂದರೆ ಮೊದಲು ಬೇಕಾಗುವುದು ವೈದ್ಯರ ಒಪ್ಪಿಗೆ, ಎಕೋ (ಹೃದಯದ ಸ್ಕ್ಯಾನ್) ಮತ್ತು ಟ್ರೆಡ್‌ಮಿಲ್ ಪರೀಕ್ಷೆಯ ವರದಿ. ಹೃದಯದ ಬಡಿತ ಎಣಿಸಿ ಫೋನಿಗೆ ಕಳಿಸುವ ಪೋಲಾರ್ ಎಚ್10ನಂಥ ಎದೆಪಟ್ಟಿ ಕೊಳ್ಳುವ ಮಾತು ಬರುವುದು ಅದಾದ ಮೇಲೆಯೇ. ಪಟ್ಟಿಯ ಉಪಯೋಗವೆಲ್ಲ ಆ ಪರೀಕ್ಷೆ ನೋಡಿ ವೈದ್ಯರು ಗೊತ್ತುಪಡಿಸುವ ಒಂದು ಮಿತಿಯ ಮೇಲೆ ನಿಂತಿದೆ. ನನ್ನ ಚೀಟಿಯಲ್ಲಿ ಅದು ನಿಮಿಷಕ್ಕೆ 110 ಬಡಿತ. ಇದು ನನ್ನ ಸಂಖ್ಯೆ, ಇನ್ನೊಬ್ಬರು ಎರವಲು ಪಡೆಯುವಂಥದ್ದಲ್ಲ. ಈ ಮಿತಿಯೊಳಗೆ ಆನೆಗೊಂದಿ, ಹಿರೇಬೆಣಕಲ್ ಮತ್ತು ಕೊಪ್ಪಳದ ಪಾಲ್ಕಿಗುಂಡುಗಳಲ್ಲಿ ಓಡಾಡಲು ಪಟ್ಟಿ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸನ್ನು ಕಳೆಯುವ ಲೆಕ್ಕ ಬಹಳ ಜನರಿಗೆ ಗೊತ್ತು. ನನ್ನ 58 ವರ್ಷಕ್ಕೆ ಅದು 162 ಎನ್ನುತ್ತದೆ. ಆದರೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ (ಬಡಿತ ತಗ್ಗಿಸುವ) ಮಾತ್ರೆ ನುಂಗುವವರಲ್ಲಿ ಬಡಿತ ಅಷ್ಟು ಮೇಲಕ್ಕೆ ಹೋಗುವುದೇ ಅಪರೂಪ, ಹಾಗಾಗಿ ಆ ಲೆಕ್ಕ ನಮ್ಮ ಪಾಲಿಗೆ ಕೆಲಸಕ್ಕೆ ಬಾರದು. ವಯಸ್ಸು ಕೇಳಿಕೊಂಡು ಹಗುರ, ಕಠಿಣ ಎಂಬ ಬಡಿತದ ವಲಯಗಳನ್ನು ತಾವೇ ನಿಗದಿ ಮಾಡುವ ಫೋನಿನ ಆ್ಯಪ್‌ಗಳು ನಾನು 105ರಲ್ಲಿ ಏದುಸಿರು ಬಿಡುತ್ತಿರುವಾಗಲೂ ಅದನ್ನು ಹಗುರ ವ್ಯಾಯಾಮ ಎಂದೇ ತೋರಿಸುತ್ತವೆ. ಆದ್ದರಿಂದ ಪಟ್ಟಿಯನ್ನು ಯಾವ ಆ್ಯಪ್‌ಗೆ ಜೋಡಿಸಿದರೂ, ಮೊದಲು ಅದರ ವಲಯಗಳನ್ನು ಅಳಿಸಿ ವೈದ್ಯರು ಕೊಟ್ಟ ಮಿತಿಯನ್ನು ಕೈಯಿಂದ ತುಂಬಬೇಕು.

ಕೈಗಡಿಯಾರವೇ ನಾಡಿ ತೋರಿಸುವಾಗ ಎದೆಗೆ ಪಟ್ಟಿ ಕಟ್ಟಿಕೊಳ್ಳುವ ಉಸಾಬರಿ ಯಾಕೆ ಎಂದು ಸ್ನೇಹಿತರು ಕೇಳುತ್ತಾರೆ. ಗಡಿಯಾರವು ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತವನ್ನು ಅಳೆಯುತ್ತದೆ. ಎದೆಪಟ್ಟಿಯಾದರೋ ಇಸಿಜಿಯಂತೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಕೂತಲ್ಲಿ ಎರಡೂ ಒಂದೇ ಸಂಖ್ಯೆ ಹೇಳುತ್ತವೆ, ನಡೆಯುವಾಗ ಮಾತ್ರ ಗಡಿಯಾರ ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ನಾಡಿ ಎಂದು ತಪ್ಪು ತಿಳಿಯುತ್ತದೆ. ಹಿರೇಬೆಣಕಲ್ಲಿನಲ್ಲಿ ಮೊರೇರ ಗುಡ್ಡದ ಶಿಲಾಸಮಾಧಿಗಳತ್ತ ಹೋಗುವ ದಾರಿಯ ಸಮತಟ್ಟಾದ ಭಾಗದಲ್ಲಿ ನನ್ನ ಗಡಿಯಾರ 116 ತೋರಿಸುತ್ತಿದ್ದರೆ, ಪಟ್ಟಿಗೆ ಜೋಡಿಸಿದ ಫೋನು 92 ತೋರಿಸುತ್ತಿತ್ತು. ನಿಂತು ಕುತ್ತಿಗೆಯ ನಾಡಿ ಹಿಡಿದು ಎಣಿಸಿದಾಗ ಪಟ್ಟಿಯ ಮಾತು ಸರಿಯಾಗಿತ್ತು. ಮತ್ತೆ ನಡೆಯುತ್ತ ಹೆಜ್ಜೆ ಎಣಿಸಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 116. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಆ ಜಾಗವನ್ನು ನೋಡುವುದು ಬಿಟ್ಟು ಮಣಿಕಟ್ಟು ನೋಡಿ ಗಾಬರಿಯಾಗುವ ಪ್ರಮೇಯ ಎದೆಪಟ್ಟಿ ಬಂದ ಮೇಲೆ ತಪ್ಪಿದೆ.

ಪಟ್ಟಿಯ ನಿಜವಾದ ಪರೀಕ್ಷೆ ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳ ಮೇಲೆ ಆಗುತ್ತದೆ. ಮೆಟ್ಟಿಲು ಹತ್ತುವುದು ಬಯಲಿನಲ್ಲಿ ನಡೆಯುವುದಕ್ಕಿಂತ ಬಹಳ ಹೆಚ್ಚು ಶ್ರಮ ಬೇಡುತ್ತದೆ. ಜೊತೆಗೆ ಹಿಂದಿನಿಂದ ಬರುವ ಹುಡುಗರು ಬದಿಗೆ ಸರಿದು ಮುಂದೆ ಹೋದಂತೆಲ್ಲ ನಮ್ಮ ಕಾಲೂ ತಾನಾಗಿಯೇ ಚುರುಕಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬಡಿತವು ಶ್ರಮದ ಹಿಂದೆ ತುಸು ತಡವಾಗಿ ಏರುವುದರಿಂದ ಎಚ್ಚರಿಕೆಯನ್ನು ಸರಿಯಾಗಿ 110ಕ್ಕೇ ಇಟ್ಟರೆ, ಫೋನು ಕೂಗಿ ನಾನು ನಿಲ್ಲುವ ಹೊತ್ತಿಗೆ ಸಂಖ್ಯೆ ಮಿತಿಯನ್ನು ದಾಟಿರುತ್ತದೆ. ಹಾಗಾಗಿ ಎಚ್ಚರಿಕೆಯನ್ನು 104ಕ್ಕೆ ಇಟ್ಟಿದ್ದೇನೆ. ಜೇಬಿನಿಂದ ಸದ್ದು ಬಂದ ಕೂಡಲೇ ನೆರಳಿರುವ ಬದಿಗೆ ಸರಿದು ನಿಲ್ಲುವುದು, 90ಕ್ಕೆ ಇಳಿದ ಮೇಲೆ ಮತ್ತೆ ಹೊರಡುವುದು. ಜೊತೆಗೆ ಬರುವ ಅಳಿಯನೂ ಈಗ ಸದ್ದು ಕೇಳಿದೊಡನೆ "ಮಾವಾರ, ಕೂಡ್ರಿ" ಎನ್ನುತ್ತಾನೆ. ವ್ಯಾಯಾಮದ ಸಾಧನವೆಂದು ಇದನ್ನು ಮಾರುತ್ತಾರೆ. ನನಗೆ ಇದು ದಕ್ಕಿರುವುದು ನಿಲ್ಲಿಸುವ ಸಾಧನವಾಗಿ, ಕೊಟ್ಟ ಹಣಕ್ಕೆ ಸಮಾಧಾನವಿರುವುದೂ ಆ ಕಾರಣಕ್ಕೇ.

ನಮ್ಮ ಭಾಗದ ಹವೆಗೆ ತಕ್ಕಂತೆ ಕೆಲವು ಮಾತು ಹೇಳಬೇಕು. ಪಟ್ಟಿಯ ಒಳಮೈಯಲ್ಲಿರುವ ಎಲೆಕ್ಟ್ರೋಡ್‌ಗಳು ಒದ್ದೆಯಾಗಿದ್ದರೆ ಮಾತ್ರ ಸಂಕೇತವನ್ನು ಚೆನ್ನಾಗಿ ಹಿಡಿಯುತ್ತವೆ. ಕರಾವಳಿಯವರಿಗೆ ಬೆವರೇ ಆ ಕೆಲಸ ಮಾಡೀತು. ಕೊಪ್ಪಳದ ಒಣಗಾಳಿಯಲ್ಲಿ ಬೆವರು ಬರುವ ಮೊದಲೇ ಹಚ್ಚಿದ ನೀರು ಆರಿಹೋಗುತ್ತದೆ, ಆಗ ಯಾವ ಎದೆಪಟ್ಟಿಯಾದರೂ ಅಸಂಬದ್ಧ ಸಂಖ್ಯೆ ಹೇಳಬಹುದು. ಹೊರಡುವ ಮುನ್ನ ಧಾರಾಳವಾಗಿ ನೀರು ಸವರಿ, ಪಟ್ಟಿಯನ್ನು ಎದೆಯ ಕೆಳಭಾಗಕ್ಕೆ ಬಿಗಿಯಾಗಿ ಕಟ್ಟಬೇಕು. ಮೈಗೆ ಉಜ್ಜುವ ಪಾಲಿಯೆಸ್ಟರ್ ಟೀ ಶರ್ಟಿನಿಂದ ಒಣಹವೆಯಲ್ಲಿ ಸ್ಥಿರವಿದ್ಯುತ್ ಹುಟ್ಟಿ ಅಂಕಿಗಳು ಸುಳ್ಳೇ ಜಿಗಿಯುವುದುಂಟು; ದುಬಾರಿ ಟ್ರೆಕ್ಕಿಂಗ್ ಅಂಗಿಗಿಂತ ಹಳೆಯ ಹತ್ತಿ ಬನಿಯನ್ನೇ ಇಲ್ಲಿ ವಾಸಿ. ಸೆಕೆಯಲ್ಲಿ ದೇಹವನ್ನು ತಂಪಾಗಿಡಲು ಹೃದಯ ಹೆಚ್ಚು ದುಡಿಯುವುದರಿಂದ, ಜನವರಿಯಲ್ಲಿ ಆರಾಮವಾಗಿ ಹತ್ತಿದ ಏರಿನಲ್ಲೇ ಏಪ್ರಿಲ್ ಬಂದರೆ ಫೋನು ಮತ್ತೆಮತ್ತೆ ಕೂಗುತ್ತದೆ. ಅದು ಉಪಕರಣದ ದೋಷವಲ್ಲ. ಕಾದ ಬಂಡೆಗಳ ನಡುವೆ ಆ ತಿಂಗಳುಗಳಲ್ಲಿ ಬೆಳಗಿನ ಎಂಟರ ನಂತರ ನಾನು ಇರುವುದಿಲ್ಲ.

ಪಟ್ಟಿಗೆ ಆಗದ ಕೆಲಸವೂ ಇದೆ, ಇದನ್ನು ಮಾರುವವರು ಒತ್ತಿ ಹೇಳುವುದಿಲ್ಲ. ಬಡಿತ ಎಣಿಸುವ ಈ ಸಾಧನಕ್ಕೆ ರಕ್ತನಾಳದ ಅಡಚಣೆ ಕಾಣುವುದಿಲ್ಲ. ಫೋನು 88 ತೋರಿಸುತ್ತಿದ್ದರೂ ಎದೆ ಬಿಗಿದರೆ, ದವಡೆ ಅಥವಾ ಎಡತೋಳಿಗೆ ನೋವು ಹರಿದರೆ, ತಲೆ ಸುತ್ತಿದರೆ ಅಲ್ಲಿಗೇ ಕೂರಬೇಕು. ನಾಲಿಗೆಯ ಕೆಳಗಿಡಲು ವೈದ್ಯರು ಕೊಟ್ಟ ಸಾರ್ಬಿಟ್ರೇಟ್ ಮಾತ್ರೆ ಬ್ಯಾಗಿನ ತಳದಲ್ಲಿರದೆ ಕೈಗೆ ಸಿಗುವ ಜೇಬಿನಲ್ಲಿರಬೇಕು, ನೋವು ಬಿಡದಿದ್ದರೆ 108ಕ್ಕೆ ಕರೆ ಮಾಡಬೇಕು. ಹೃದ್ರೋಗಿಗಳ ವ್ಯಾಯಾಮದಲ್ಲಿ ಬಳಸುವ ಬೋರ್ಗ್ ಮಾಪಕವೂ ಪಟ್ಟಿಯಷ್ಟೇ ಮುಖ್ಯ. ನಮಗೆ ಎಷ್ಟು ಆಯಾಸವಾಗಿದೆ ಎಂಬುದನ್ನು 6ರಿಂದ 20ರವರೆಗಿನ ಅಂಕಿಯಲ್ಲಿ ನಾವೇ ಹೇಳಿಕೊಳ್ಳುವ ಪದ್ಧತಿ ಅದು. 11ರಿಂದ 13ರೊಳಗೆ, ಅಂದರೆ ತಡವರಿಸದೆ ಮಾತನಾಡಲು ಸಾಧ್ಯವಾಗುವ ಮಟ್ಟದಲ್ಲಿ, ಇರಿ ಎಂದು ನನಗೆ ಹೇಳಿದ್ದಾರೆ. ಪಟ್ಟಿಯ ಸಂಖ್ಯೆ ಮತ್ತು ಆಯಾಸ ಒಂದಕ್ಕೊಂದು ತಾಳೆಯಾಗದ ದಿನ ನಾನು ಆಯಾಸವನ್ನೇ ನಂಬಿ ಇಳಿದುಬಿಡುತ್ತೇನೆ.

ನಾನು ಆನ್‌ಲೈನಿನಲ್ಲಿ ತರಿಸಿದಾಗ ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು, ಕಡಿಮೆಯೇನಲ್ಲ. ಫೋನು ಜೊತೆಗಿಲ್ಲದಿದ್ದರೂ ಒಂದು ಸುತ್ತಿನ ದಾಖಲೆಯನ್ನು ಪಟ್ಟಿಯೇ ಇಟ್ಟುಕೊಳ್ಳುತ್ತದೆ. ಆದರೆ ನಮ್ಮಂಥವರು ಫೋನಿಲ್ಲದೆ ಗುಡ್ಡಕ್ಕೆ ಹೋಗಬಾರದಾದ್ದರಿಂದ ಆ ಸೌಲಭ್ಯಕ್ಕಾಗಿ ಹೆಚ್ಚು ಹಣ ಕೊಡುವುದು ಅನಗತ್ಯ, ಅದೇ ಕಂಪನಿಯ ಎಚ್9 ಸಾಕಾಗುತ್ತದೆ. ಪೇಸ್‌ಮೇಕರ್ ಅಳವಡಿಸಿಕೊಂಡವರು ವೈದ್ಯರನ್ನು ಕೇಳದೆ ಕೊಳ್ಳಬಾರದು. ಬೈಪಾಸ್ ಆದವರು ಎದೆಮೂಳೆ ಕೂಡಿ ಗಾಯ ಪೂರ್ತಿ ಮಾಯುವವರೆಗೆ ಕಾಯುವುದು ಒಳ್ಳೆಯದು. ಗುಡ್ಡದಿಂದ ಬಂದ ಮೇಲೆ ಗುಂಡಿಯಂಥ ಸಂವೇದಕವನ್ನು ಪಟ್ಟಿಯಿಂದ ಬಿಡಿಸಿ, ಪಟ್ಟಿಯನ್ನು ನೀರಿನಲ್ಲಿ ಜಾಲಿಸಿ ಒಣಹಾಕಬೇಕು. ಒದ್ದೆ ಪಟ್ಟಿಯಲ್ಲೇ ಬಿಟ್ಟರೆ ಅದು ಎಚ್ಚರವಾಗಿಯೇ ಇದ್ದು ಬ್ಯಾಟರಿ ತಿನ್ನುತ್ತದೆ. ಬ್ಯಾಟರಿ ಸುಮಾರು 400 ಗಂಟೆ ಬಾಳುತ್ತದೆ ಎಂದು ಕಂಪನಿ ಹೇಳುತ್ತದೆ. ಅದು ಮುಗಿದಾಗ ಗಡಿಯಾರದ ಅಂಗಡಿಯಲ್ಲಿ ಸಿಆರ್ 2025 ಎಂದು ಬಿಡಿಸಿ ಕೇಳಿ, ಸುಮ್ಮನೆ ನಾಣ್ಯದ ಬ್ಯಾಟರಿ ಎಂದರೆ ಅದಕ್ಕಿಂತ ದಪ್ಪಗಿರುವ 2032 ಕೊಟ್ಟುಬಿಡಬಹುದು.