ಹಿತ್ತಾಳೆಯ ಗಂಡಭೇರುಂಡ: ಸೊಂಡಿಲು ನೋಡಿ ಕೊಳ್ಳಿ

ಮೈಸೂರು ಅರಮನೆಯ ಆಸುಪಾಸಿನ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಮೈಸೂರು ಅರಸರ ಲಾಂಛನದ 8 ಇಂಚಿನ ಹಿತ್ತಾಳೆ ಪ್ರತಿಗಳಲ್ಲಿ ಗಂಡಭೇರುಂಡವೇನೋ ಬಹುಮಟ್ಟಿಗೆ ಚೆನ್ನಾಗಿಯೇ ಬಂದಿರುತ್ತದೆ. ಆಚೀಚೆ ನೋಡುವ ಎರಡು ತಲೆ, ಹರಡಿದ ರೆಕ್ಕೆ, ಅಚ್ಚು ಕಳಪೆಯಾದರೂ ಇಷ್ಟು ಉಳಿಯುತ್ತದೆ. ಕೆಡುವುದು ಪಕ್ಕದ ಗಜಕೇಸರಿಗಳು.

ಸಿಂಹದ ಮೈಗೆ ಆನೆಯ ತಲೆ. ಕಾಡಿನ ಎರಡು ದೊಡ್ಡ ಬಲಗಳೂ ಒಂದೇ ಮೈಯಲ್ಲಿ. ಅಂಥದ್ದೇ ಕಾವಲಿಗೆ ನಿಂತಿದೆ ಎಂದಮೇಲೆ ನಡುವಿನ ಹಕ್ಕಿ ಎಷ್ಟರದ್ದಿರಬೇಕು! ಸೊಂಡಿಲು ಹೋದರೆ ಈ ಲೆಕ್ಕವೇ ತಪ್ಪುತ್ತದೆ. ಮರಳಚ್ಚಿನಲ್ಲಿ ಅಷ್ಟು ಸಪೂರ ಜಾಗಕ್ಕೆ ಹಿತ್ತಾಳೆ ಇಳಿಯುವ ಮೊದಲೇ ಆರಿಬಿಡುತ್ತದೆ. ಅದಕ್ಕೇ ಕೆಲವರು ಸೊಂಡಿಲನ್ನು ಎದೆಗೆ ಅಂಟಿಸಿ ಎರಕ ಹೊಯ್ಯುತ್ತಾರೆ, ನೋಡಿದರೆ ನಾಯಿಮೂತಿ. ಸೊಂಡಿಲಿಗೂ ಎದೆಗೂ ನಡುವೆ ಬೆಳಕು ಕಂಡರೆ ಕೆಲಸ ಒಳ್ಳೆಯದು.

ಆಮೇಲೆ ಕೆಳಗಿನ ಪಟ್ಟಿ ಓದಿ. ಅಲ್ಲಿ ನಾಗರಿಯಲ್ಲಿ ‘ನ ಬಿಭೇತಿ ಕದಾಚನ’ ಎಂದಿರಬೇಕು, ಎಂದೆಂದಿಗೂ ಅಂಜನು ಎಂಬ ತೈತ್ತಿರೀಯ ಉಪನಿಷತ್ತಿನ ಮಾತು. ನಾಗರಿ ‘ಭ’ದ ತಲೆಗೆರೆ ಎಡಗಡೆ ಕಡಿದಿರುತ್ತದೆ. ಮೂಲ ಮಾದರಿ ಬಿಟ್ಟು ಸಿದ್ಧವಾದ ಮಾಲಿನಿಂದಲೇ ಮತ್ತೆ ಮತ್ತೆ ಅಚ್ಚು ತೆಗೆದರೆ ಆ ಸಂದು ಮುಚ್ಚಿ ‘ಮ’ ಆಗುತ್ತದೆ. ‘ಬಿಮೇತಿ’ಗೆ ಯಾವ ಅರ್ಥವೂ ಇಲ್ಲ!

ಹಕ್ಕಿಗೆ ಮನುಷ್ಯನ ಮೈಯಿದ್ದರೆ ಅದು ಬಳ್ಳಿಗಾವಿಯ 1047ರ ಕಂಬದ ಮಾದರಿ. ಚೆಂದವೇ, ಆದರೆ ಮೈಸೂರಿನದ್ದಲ್ಲ. ನೆತ್ತಿಯ ಮೇಲೆ ಅಶೋಕಸ್ತಂಭದ ಸಿಂಹಗಳು, ಅಡಿಯಲ್ಲಿ ‘ಸತ್ಯಮೇವ ಜಯತೇ’ ಇದ್ದರೆ ಅದು ರಾಜ್ಯ ಸರ್ಕಾರದ ಲಾಂಛನ. ಅಶೋಕಸ್ತಂಭದ ಲಾಂಛನದ ದುರ್ಬಳಕೆ ತಡೆಯಲು 2005ರ ಕಾಯ್ದೆ ಇದೆ, ಕಾರಿಗೋ ಅಂಗಡಿ ಬೋರ್ಡಿಗೋ ಹಾಕಿಸುವ ಆಸೆ ಬಿಡಿ.

8 ಇಂಚಿನ ಗಟ್ಟಿ ಎರಕ ಒಂದು ಕೆಜಿ ಹತ್ತಿರ ತೂಗುತ್ತದೆ. ಕಾಲು ಕೆಜಿ ತೂಗಿದರೆ ತಗಡಿನ ಒತ್ತು ಅಥವಾ ಬಣ್ಣ ಬಳಿದ ಅಲ್ಯೂಮಿನಿಯಂ. ಅಯಸ್ಕಾಂತ ಹಿಡಿದರೆ ಒಳಗಿರುವುದು ಕಬ್ಬಿಣ. ಹಿಂಬದಿಯ ಕೊಂಡಿ ಬೆಸುಗೆಯದ್ದಾದರೆ ನಂಬಬೇಡಿ, ಎರಕದಲ್ಲೇ ಬಂದ ಕಿವಿ ಇರಲಿ. ಗೋಡೆಗೆ 6 ಮಿ.ಮೀ. ತೂತು, ಪ್ಲಗ್ಗು, ಸ್ಕ್ರೂ ಸಾಕು.

ಹೊಳಪು ಮಾಸದಂತೆ ಬಳಿಯುವ ಪಾರದರ್ಶಕ ಲೇಪ, ಅಂದರೆ ಲ್ಯಾಕರ್, ಹಚ್ಚಿದ್ದೋ ಅಲ್ಲವೋ ಕೇಳಿಕೊಂಡೇ ತನ್ನಿ. ಹಚ್ಚಿದ್ದಕ್ಕೆ ಹುಣಸೆಹುಳಿ ಉಜ್ಜಿದರೆ ಲ್ಯಾಕರ್ ಅಲ್ಲಲ್ಲಿ ಎದ್ದು ಮಚ್ಚೆ ಮಚ್ಚೆಯಾಗುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಹಚ್ಚದ್ದನ್ನು ಹುಳಿಯಲ್ಲಿ ಬೆಳಗಿ, ರೆಕ್ಕೆಯ ಗೀರುಗಳಲ್ಲಿ ಹುಳಿ ನಿಲ್ಲದಂತೆ ಹಳೇ ಟೂತ್‌ಬ್ರಷ್ಷಿನಿಂದ ತೊಳೆಯಿರಿ, ಇಲ್ಲದಿದ್ದರೆ ವಾರದಲ್ಲೇ ಅಲ್ಲಿ ಹಸಿರು ಕಿಲುಬು.