ಸ್ಟ್ಯಾಂಡರ್ಡ್ ಹೆರಾಲ್ಡ್: ಹುಬ್ಬಳ್ಳಿ-ಧಾರವಾಡದ ರಸ್ತೆಗಳಲ್ಲಿ ಬಹುಕಾಲ ಬಳಸಿದ ಮೇಲೆ

ನಮ್ಮ ಕಡೆ ಹಳೇ ಕಾರಿನ ಮಾತು ಬಂದರೆ ಅಂಬಾಸಿಡರ್, ಫಿಯಟ್ ಮೊದಲು ಬರುತ್ತವೆ. ಹೆರಾಲ್ಡ್ ಹೆಸರು ತೆಗೆಯುವವರು ಕಡಿಮೆ; ತೆಗೆದವರು ಬೇಗ ಬಿಡುವುದಿಲ್ಲ. ಅದಕ್ಕೆ ಕಾರಣವಿದೆ. ಆ ಎರಡರ ಗೇರು ಸ್ಟೀರಿಂಗ್ ಬುಡದಲ್ಲಿದ್ದ ಕಾಲಕ್ಕೆ ಇದರ ಗೇರು ನೆಲದಲ್ಲಿತ್ತು. ಬಾಗಿಲು ಎರಡೇ (ಕೊನೆಯ ವರ್ಷಗಳ ಮಾರ್ಕ್ 3ಕ್ಕೆ ಮಾತ್ರ ನಾಲ್ಕು), ಮೈಕಟ್ಟು ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿಯದು. ಮದ್ರಾಸಿನಲ್ಲಿ 1961ರಿಂದ ತಯಾರಾಯಿತು. ಇದೇ ಚಾಸಿಯನ್ನು (ಅಡಿಯ ಉಕ್ಕಿನ ಚೌಕಟ್ಟನ್ನು) ಗಿಡ್ಡ ಮಾಡಿ ಇಂಗ್ಲೆಂಡಿನಲ್ಲಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಹೊರತಂದರು. ಸ್ಪೋರ್ಟ್ಸ್ ಕಾರಿನ ರಕ್ತ ಹಂಚಿಕೊಂಡ ಗಾಡಿ ಮಧ್ಯಮ ವರ್ಗದ ಕೈಗೆ ಸಿಕ್ಕಿದ್ದು ಹೀಗೆ.

948 ಸಿಸಿ ಎಂಜಿನ್ನಿಂದ ವೇಗ ಬಯಸಬೇಡಿ. ಇದರ ಸುಖ ಸ್ಟೀರಿಂಗಿನಲ್ಲಿದೆ. ಸುಮಾರು 25 ಅಡಿಯ ಸುತ್ತಿನಲ್ಲಿ ಪೂರಾ ತಿರುಗುತ್ತದೆ; ದುರ್ಗದಬೈಲಿನ ಓಣಿಗಳಲ್ಲಿ ಇವತ್ತಿನ ಸಣ್ಣ ಕಾರುಗಳೂ ಇದರ ಮುಂದೆ ತಡಬಡಾಯಿಸುತ್ತವೆ. ಇನ್ನೊಂದು ಬಾನೆಟ್: ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗ ಮುಂದಕ್ಕೆ ವಾಲುತ್ತದೆ. ಟೈರಿನ ಮೇಲೆ ಕೂತು ಪಾಯಿಂಟ್, ಪ್ಲಗ್, ಟ್ಯಾಪೆಟ್ ಎಲ್ಲ ಸೆಟ್ ಮಾಡಬಹುದು.

ಆದರೆ ಅದೇ ಮುಂಭಾಗದಲ್ಲಿ ಈ ಗಾಡಿಯ ಅತಿ ಅಪಾಯದ ಜಾಗವೂ ಇದೆ. ಸ್ಟೀರಿಂಗ್ ಜೊತೆ ಮುಂದಿನ ಚಕ್ರ ತಿರುಗುವುದು ಕೆಳಗಿನ ಟ್ರನಿಯನ್ ಮೇಲೆ: ಹಿತ್ತಾಳೆ ಬಣ್ಣದ ಒಂದು ಗಟ್ಟಿ, ಅದರ ಮರೆಯೊಳಗೆ (ತಿರುಪಿನ ಥ್ರೆಡ್ಡಿನೊಳಗೆ) ಉಕ್ಕಿನ ಕಂಬಿ. ಇದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ನಿಪ್ಪಲ್ ಕಂಡ ಕೂಡಲೇ ಮಿಸ್ತ್ರಿಗಳ ಕೈ ಗ್ರೀಸ್ ಗನ್ನಿಗೇ ಹೋಗುತ್ತದೆ. ಗ್ರೀಸ್ ಒಣಗಿ ಗಟ್ಟಿಯಾದರೆ ಎಣ್ಣೆ ಮರೆಯವರೆಗೆ ಮುಟ್ಟುವುದಿಲ್ಲ, ನೀರು ಸೇರಿ ಕಂಬಿ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಒಂದು ದಿನ ಸ್ಟೀರಿಂಗ್ ಪೂರಾ ತಿರುಗಿಸಿದಾಗ ಮರೆಯ ಬುಡದಲ್ಲಿ ಕಟ್ ಆಗಿ ಚಕ್ರ ಮಡಚಿಕೊಳ್ಳುತ್ತದೆ. ಮಾಡಬೇಕಾದ್ದಿಷ್ಟು: ಜ್ಯಾಕ್ ಹಚ್ಚಿ ಚಕ್ರ ಎತ್ತಿ, ಖಾಲಿ ಗನ್ನಿಗೆ ಆಯಿಲ್ ತುಂಬಿ, ಮೇಲಿನ ಸೀಲಿನಿಂದ ಆಯಿಲ್ ಜಿನುಗುವವರೆಗೂ ಹೊಡೆಯಿರಿ. ಮೊದಲು ಹಳೇ ಕಪ್ಪು ಜಿಡ್ಡು ಬರುತ್ತದೆ, ಆಮೇಲೆ ಸ್ವಚ್ಛ ಆಯಿಲ್. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಖಂಡಿತ. ಎಡಬಲದ ಮರೆ ಬೇರೆ ಬೇರೆ ದಿಕ್ಕಿನವು, ಬಿಡಿಭಾಗ ತರಿಸುವಾಗ ಯಾವ ಬದಿಯದೆಂದು ಬರೆಯಿರಿ. ಸ್ಪಿಟ್‌ಫೈರ್‌ಗೂ ಇದೇ ಬಗೆಯವು ಬೇಕಾದ್ದರಿಂದ ಇಂಗ್ಲೆಂಡಿನಲ್ಲಿ ಇವು ಇಂದಿಗೂ ಹೊಸದಾಗಿ ಸಿಗುತ್ತವೆ.

ಕೊಳ್ಳುವ ಮುಂಚೆ ಇನ್ನೊಂದು ಪರೀಕ್ಷೆ. ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಲಿ, ನೀವು ಬಾನೆಟ್ ಎತ್ತಿ ಕ್ರ್ಯಾಂಕ್ ಪುಲ್ಲಿ (ಎಂಜಿನ್ ಮುಂದಿನ ಬೆಲ್ಟಿನ ಗಾಲಿ) ನೋಡಿ. ಅದು ಕಣ್ಣಿಗೆ ಕಾಣುವಷ್ಟು ಹಿಂದುಮುಂದೆ ಸರಿದರೆ ಥ್ರಸ್ಟ್ ವಾಷರ್ (ಕ್ರ್ಯಾಂಕ್ ಹಿಂದುಮುಂದೆ ಸರಿಯದಂತೆ ತಡೆಯುವ ಬಿಲ್ಲೆಗಳು) ಸವೆದಿವೆ. ಈ ಸರಿದಾಟದ ಬಿಡುವು 0.1ರಿಂದ 0.2 ಮಿ.ಮೀ. ಒಳಗೇ ಇರಬೇಕು. ಹೊತ್ತಿಗೆ ಹಿಡಿದರೆ ಸಂಪ್ (ಎಂಜಿನ್ ಬುಡದ ಆಯಿಲ್ ತೊಟ್ಟಿ) ಇಳಿಸಿ, ಹಿಂದಿನ ಮೇನ್ ಬೇರಿಂಗ್ ಕ್ಯಾಪ್ ಬಿಚ್ಚಿ ಬದಲಿಸಬಹುದು, ಎಂಜಿನ್ ಇಳಿಸಬೇಕಿಲ್ಲ. ಬಿಟ್ಟರೆ ವಾಷರ್ ಸಂಪಿಗೆ ಬಿದ್ದು ಕ್ರ್ಯಾಂಕ್ ಬ್ಲಾಕನ್ನೇ ಕೊರೆಯುತ್ತದೆ. ಕ್ಲಚ್ ಒತ್ತಿದಾಗ ಭಾರ ಈ ವಾಷರ್ ಮೇಲೇ ಬೀಳುವುದರಿಂದ ಚೆನ್ನಮ್ಮ ಸರ್ಕಲ್ ಸಿಗ್ನಲ್ಲಿನಲ್ಲಿ ಕ್ಲಚ್ ತುಳಿದುಕೊಂಡು ನಿಲ್ಲಬೇಡಿ, ನ್ಯೂಟ್ರಲ್ ಮಾಡಿ. ಒಂದನೇ ಗೇರಿಗೆ ಸಿಂಕ್ರೊ (ಓಡುವಾಗಲೂ ಗೇರು ಉಜ್ಜದೆ ಕೂರಿಸುವ ಏರ್ಪಾಡು) ಇಲ್ಲ, ಗಾಡಿ ಪೂರಾ ನಿಂತ ಮೇಲೇ ಹಾಕಿ.

ಬಣ್ಣ ನೋಡಿ ಮರುಳಾಗಬೇಡಿ, ಚಾಸಿ ನೋಡಿ. ಎರೆಮಣ್ಣು ಒಮ್ಮೆ ಅಂಟಿತೆಂದರೆ ತೇವ ಬಿಡುವುದಿಲ್ಲ. ನವಲಗುಂದ, ಅಣ್ಣಿಗೇರಿ ಕಡೆ ಓಡಾಡಿದ ಗಾಡಿಯಾದರೆ ಬಾಗಿಲ ಕೆಳಗಿನ ಅಡ್ಡ ಕೈಗಳನ್ನು, ಡಿಕ್ಕಿ ಹೊತ್ತ ಹಿಂದಿನ ತುದಿಗಳನ್ನು ಸ್ಕ್ರೂ ಡ್ರೈವರಿನಿಂದ ಚುಚ್ಚಿಯೇ ನೋಡಬೇಕು. ಬಾಡಿಯನ್ನು ತುಂಡು ತುಂಡಾಗಿ ಬೋಲ್ಟಿನಲ್ಲಿ ಜೋಡಿಸಿರುವುದರಿಂದ, ಚಾಸಿ ಜಗ್ಗಿದರೆ ಬಾಗಿಲ ಸಂದು ಮೇಲೊಂದು ಕೆಳಗೊಂದು ಅಳತೆ ತೋರಿಸುತ್ತದೆ. ಬಾಗಿಲು ಎತ್ತಿ ಹಾಕಬೇಕಾಗಿ ಬಂದರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ.

ಹಿಂಬದಿಗೆ ಅಡ್ಡ ಹಾಕಿದ ಒಂದೇ ಪಾಟಾ ಸ್ಪ್ರಿಂಗ್. ತಿರುವಿನ ನಡುವೆ ಆಕ್ಸಿಲರೇಟರ್ ಥಟ್ಟನೆ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಬಾಲ ಜಾರುತ್ತದೆ. ವೇಗ ಮೊದಲೇ ಇಳಿಸಿ, ತಿರುವಿನಲ್ಲಿ ಕಾಲು ಒಂದೇ ಸಮ ಇಡಿ. ಕಾರವಾರಕ್ಕೆ ಹೊರಟು ಅರಬೈಲ್ ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಡ್ರಮ್ ಬ್ರೇಕ್ ಕಾದರೆ ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲುವುದಿಲ್ಲ.

ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ಎಂಜಿನ್ ತಣ್ಣಗಿದ್ದಾಗ ಎಲ್ಲಕ್ಕೂ 0.25 ಮಿ.ಮೀ. ಒಂಬತ್ತರ ಲೆಕ್ಕ ನೆನಪಿಡಿ: ಎಂಟನೆಯ ವಾಲ್ವ್ ಪೂರಾ ತೆರೆದಾಗ ಒಂದನೆಯದನ್ನು ಸೆಟ್ ಮಾಡಿ, ಆರನೆಯದು ತೆರೆದಾಗ ಮೂರನೆಯದನ್ನು; ಎರಡೂ ನಂಬರ್ ಕೂಡಿದರೆ ಒಂಬತ್ತಾಗಬೇಕು. ಎಕ್ಸಾಸ್ಟ್ ಕಡೆಯ ಗ್ಯಾಪ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಸೀಸವಿಲ್ಲದ ಪೆಟ್ರೋಲಿಗೆ ವಾಲ್ವ್ ಸೀಟ್ ಕುಳಿತುಹೋಗುತ್ತಿದೆ ಎಂದರ್ಥ. ಹೆಡ್ ಬಿಚ್ಚಿಸಿ ಗಟ್ಟಿ ಸೀಟ್ ರಿಂಗ್ ಕೂರಿಸಬೇಕು. ಈಗಿನ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲು ಹಳೇ ರಬ್ಬರ್ ಪೈಪನ್ನೂ ಪಂಪಿನ ಡಯಾಫ್ರಮನ್ನೂ ತಿನ್ನುತ್ತದೆ. ಎಥನಾಲ್ ತಾಳುವ ಹೋಸ್ ಹಾಕಿಸಿ. ಬಹಳ ದಿನ ನಿಲ್ಲಿಸುವುದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿ.

ಕಾಗದಪತ್ರ: 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಿ 'ವಿಎ' ಸರಣಿಯ ನಂಬರ್ ಪಡೆಯಬಹುದು. ಆದರೆ ಆಮೇಲೆ ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲಿನಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬೇಕು. ವಾರಕ್ಕೊಮ್ಮೆ ಧಾರವಾಡಕ್ಕೆ ಹೋಗಿ ಬರುವ ಆಸೆ ಇದ್ದವರು ಹಳೇ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುವುದು ಒಳ್ಳೆಯದು.