ಒಂದೇ ಮನೆಯ ಎರಡು ಎಂಬಿಎ: ದುಡ್ಡಿನ ಲೆಕ್ಕ

ನಮ್ಮ ಮನೆಯಲ್ಲಿ ಎರಡು ಎಂಬಿಎ ಇವೆ. ಒಂದು ನನ್ನದು, ಕೆಲಸ ಮಾಡುತ್ತಲೇ ಇಗ್ನೋದಲ್ಲಿ, ಅಂದರೆ ದೂರಶಿಕ್ಷಣದ ಇಂದಿರಾ ಗಾಂಧಿ ಮುಕ್ತ ವಿವಿಯಲ್ಲಿ ಮುಗಿಸಿದ್ದು. ಇನ್ನೊಂದು ಹೆಂಡತಿಯದು, ಕೆಲಸ ಬಿಟ್ಟು, ಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆದು, ಎರಡು ವರ್ಷ ಹಾಸ್ಟೆಲ್‌ನಲ್ಲಿದ್ದು ಓದಿದ್ದು. ಇದರ ಜೊತೆ ನಾನೊಂದು ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್ ಕೂಡ ಮಾಡಿದ್ದೇನೆ. ‘ಎಂಬಿಎಗೆ ಹಾಕಿದ ದುಡ್ಡು ವಾಪಸ್ ಬರುತ್ತಾ?’ ಅಂತ ನೆಂಟರು ಕೇಳಿದಾಗ ನಾವಿಬ್ಬರೂ ಬೇರೆ ಬೇರೆ ಉತ್ತರ ಕೊಡುತ್ತೇವೆ. ಲೆಕ್ಕ ಹಾಕಿದರೆ ಇಬ್ಬರದ್ದೂ ಸರಿಯೇ.

ಮೊದಲು ಅಗ್ಗದ್ದನ್ನು ನೋಡೋಣ. ನಾನು ಸೇರಿದ್ದು 2022ರಲ್ಲಿ. ಓಪನ್‌ಮ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯನ್ನು ಅಷ್ಟರಲ್ಲಿ ತೆಗೆದುಹಾಕಿದ್ದರು. ನಾಲ್ಕು ಸೆಮಿಸ್ಟರ್, ಒಂದೊಂದಕ್ಕೆ 15 ಸಾವಿರದ ಆಸುಪಾಸು ಫೀಸು. ಪರೀಕ್ಷಾ ಶುಲ್ಕ, ಓಡಾಟ, ಜೆರಾಕ್ಸು ಎಲ್ಲಾ ಸೇರಿಸಿದರೂ 80 ಸಾವಿರ ದಾಟಲಿಲ್ಲ. ಅಂತಿಮ ಪರೀಕ್ಷೆಗೆ ಶೇ 70, ಅಸೈನ್‌ಮೆಂಟಿಗೆ ಶೇ 30. ಆ ಅಸೈನ್‌ಮೆಂಟನ್ನು ಕೈಯಲ್ಲೇ ಬರೆಯಬೇಕು. ವರ್ಷಗಟ್ಟಲೆ ಕೀಬೋರ್ಡ್ ಕುಟ್ಟಿದ ಬೆರಳಿಗೆ ಅದು ನಿಜಕ್ಕೂ ಶಿಕ್ಷೆ. ಭಾನುವಾರ ಬೆಳಗ್ಗೆ ಎದ್ದು ಎ4 ಹಾಳೆಗೆ ಮಾರ್ಜಿನ್ ಎಳೆಯುತ್ತಾ ಕೂತರೆ ಮತ್ತೆ ಹೈಸ್ಕೂಲಿಗೆ ಹೋದ ಹಾಗಾಗುತ್ತಿತ್ತು.

ಪರೀಕ್ಷಾ ಹಾಲಿನಲ್ಲಿ ಪಕ್ಕದ ಬೆಂಚಿಗೆ ಬ್ಯಾಂಕ್ ಆಫೀಸರು, ಹಿಂದೆ ಒಬ್ಬ ಪೊಲೀಸ್ ಎಸ್‌ಐ, ಮುಂದೆ ಮಗುವನ್ನು ಹೊರಗೆ ಗಂಡನ ಕೈಗೆ ಕೊಟ್ಟು ಬಂದ ಟೀಚರು. ಎಲ್ಲರಿಗೂ ಬೇಕಿದ್ದದ್ದು ಪ್ರಮೋಷನ್ ಫಾರ್ಮಿನ ವಿದ್ಯಾರ್ಹತೆ ಕಾಲಮ್ಮಿಗೆ ಒಂದು ಸಾಲು. ನನಗೂ ಅಷ್ಟೇ. ನಮ್ಮ ಕಂಪನಿಯಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗೋಕೆ ಸ್ನಾತಕೋತ್ತರ ಪದವಿ ಕಡ್ಡಾಯ. ಪದವಿ ಬಂತು, ಹುದ್ದೆಯೂ ಬಂತು. ತಿಂಗಳಿಗೆ ಕೈಗೆ 9 ಸಾವಿರ ಜಾಸ್ತಿ ಆಯಿತು. ಅಂದರೆ ಒಂಬತ್ತೇ ತಿಂಗಳಲ್ಲಿ ಹಾಕಿದ್ದೆಲ್ಲ ವಾಪಸ್.

ಆದರೆ ಅದು ಕೊಟ್ಟದ್ದೂ ಅಷ್ಟೇ. ಬೇರೆ ಕಂಪನಿಗಳ ಇಂಟರ್‌ವ್ಯೂಗೆ ಹೋದಾಗ ಎಂಬಿಎ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ಹಳೆಯ ಅನುಭವ ಮಾತ್ರ. ಪ್ಲೇಸ್‌ಮೆಂಟ್ ಅನ್ನೋದು ಇಲ್ಲ, ಜೊತೆಗೆ ಓದಿದವರ ಪರಿಚಯವೂ ಇಲ್ಲ. ಕಾನೂನಿನ ಪ್ರಕಾರ ನನ್ನ ಪದವಿ ಕಡಿಮೆಯದ್ದೇನಲ್ಲ. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಪದವಿಯೂ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಸರ್ಕಾರಿ ಕೆಲಸಕ್ಕೆ, ಬ್ಯಾಂಕಿಗೆ ಈ ಮಾತು ಬೆಲೆಬಾಳುತ್ತದೆ. ಖಾಸಗಿಯವರು ಮಾತ್ರ ತಮ್ಮ ಲೆಕ್ಕದಲ್ಲೇ ನೋಡುತ್ತಾರೆ. ಇಲ್ಲಿ ‘ಮಾನ್ಯತೆ’ ಅನ್ನುವುದನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ಮೈಸೂರಿನ ರಾಜ್ಯ ಮುಕ್ತ ವಿವಿಗೆ 2012-13ರ ನಂತರ ಮಾನ್ಯತೆ ನಿಂತು, 2018ರಲ್ಲಿ ಮರಳಿ ಬಂದದ್ದು ಎಲ್ಲರಿಗೂ ನೆನಪಿದೆ. ಸೇರುವ ವರ್ಷದ ಯುಜಿಸಿ ಪಟ್ಟಿಯಲ್ಲಿ ಆ ಕೋರ್ಸ್ ಇದೆಯಾ ಅಂತ ನೋಡಿಕೊಂಡೇ ದುಡ್ಡು ಕಟ್ಟಿ.

ಇನ್ನು ಹೆಂಡತಿಯದು. ಅವಳು ಸೇರಿದ್ದು ಹೆಸರಿರುವ ಒಂದು ಸಂಸ್ಥೆ. ಐಐಎಂ ಬೆಂಗಳೂರಿನಂಥ ಕಡೆ ಎರಡು ವರ್ಷದ ಕೋರ್ಸಿಗೆ ಈಗ 25 ಲಕ್ಷದ ಆಸುಪಾಸು ಆಗುತ್ತದೆ. ಇವಳದ್ದು ಅದಕ್ಕಿಂತ ಕಡಿಮೆ, 18 ಲಕ್ಷ. ಪೂರ್ತಿ ಸಾಲ. ಓದುವಾಗ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಕಂತು ಶುರುವಾಗುವ ಹೊತ್ತಿಗೆ ಅದು 20 ಲಕ್ಷ ಆಗಿತ್ತು. ಶೇ 9ರ ಬಡ್ಡಿ, ಹತ್ತು ವರ್ಷದ ಅವಧಿ ಅಂದರೆ ಪ್ರತಿ ಲಕ್ಷಕ್ಕೆ ತಿಂಗಳಿಗೆ 1,267 ರೂಪಾಯಿ. 20 ಲಕ್ಷಕ್ಕೆ 25,300ರಷ್ಟು. ಈ 1,267 ನೆನಪಿಟ್ಟುಕೊಂಡರೆ ಯಾವ ಕಾಲೇಜಿನ ಫೀಸು ಕೇಳಿದರೂ ಕಂತು ಎಷ್ಟು ಅಂತ ಬಾಯಲ್ಲೇ ಹೇಳಬಹುದು.

ಆಫರ್ ಲೆಟರ್ ಬಂದ ದಿನ ಮನೆಯಲ್ಲಿ ಹಬ್ಬ. ಸಿಟಿಸಿ, ಅಂದರೆ ಕಂಪನಿ ಅವಳ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 22 ಲಕ್ಷ! ಮಾವ ಆಗಲೇ ಊರಿಗೆಲ್ಲ ಫೋನ್ ಮಾಡಿದ್ದರು. ಸಂಜೆ ನಾವಿಬ್ಬರೂ ಆ ಲೆಟರಿನ ಕೊನೆಯ ಪುಟ ತೆಗೆದು ಕೂತೆವು. ಅದರಲ್ಲಿ 3 ಲಕ್ಷ ವೇರಿಯಬಲ್, ಅಂದರೆ ಬಂದರೆ ಬಂತು. 2 ಲಕ್ಷ ಜಾಯ್ನಿಂಗ್ ಬೋನಸ್, ಒಂದೇ ಸಲ, ಅದೂ ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕೊಡಬೇಕು. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ ಸೇರಿ ಇನ್ನೊಂದು 2 ಲಕ್ಷ. ನಿಜವಾದ ಸಂಬಳ 15 ಲಕ್ಷ. ತೆರಿಗೆ, ಪಿಎಫ್ ಕಳೆದು ತಿಂಗಳಿಗೆ ಬ್ಯಾಂಕಿಗೆ ಬಿದ್ದದ್ದು ಸುಮಾರು 1 ಲಕ್ಷದ 5 ಸಾವಿರ.

ಕೆಲಸ ಬಿಡುವಾಗ ಅವಳ ಕೈಗೆ ಬರುತ್ತಿದ್ದದ್ದು 45 ಸಾವಿರ. ಹಾಗಾದರೆ 60 ಸಾವಿರ ಲಾಭ ಅಂತ ಹೇಳುವ ಹಾಗಿಲ್ಲ. ಓದದೇ ಅಲ್ಲೇ ಇದ್ದಿದ್ದರೆ ಎರಡು ಇನ್‌ಕ್ರಿಮೆಂಟ್‌ಗಳಲ್ಲಿ 54 ಸಾವಿರ ಆಗುತ್ತಿತ್ತು. ವ್ಯತ್ಯಾಸ 51 ಸಾವಿರ. ಅದರಲ್ಲಿ 25 ಸಾವಿರ ಕಂತಿಗೆ ಹೋಯಿತು. ಉಳಿದದ್ದು 26 ಸಾವಿರ. ಈಗ ಎರಡು ವರ್ಷ ಬಾರದೇ ಹೋದ ಸಂಬಳವನ್ನು ಇದರಲ್ಲೇ ತುಂಬಿಕೊಳ್ಳಬೇಕು. ಇನ್‌ಕ್ರಿಮೆಂಟ್ ಬಿಟ್ಟು ಲೆಕ್ಕ ಹಾಕಿದರೂ ಅದು 10 ಲಕ್ಷದ 80 ಸಾವಿರ. ತಿಂಗಳಿಗೆ 26 ಸಾವಿರದಂತೆ ತುಂಬೋಕೆ ಹತ್ತಿರ ಹತ್ತಿರ ಮೂರೂವರೆ ವರ್ಷ. ಕಾಲೇಜಿನ ಬ್ರೋಷರಿನಲ್ಲಿ ಈ ಲೆಕ್ಕ ಎಲ್ಲೂ ಇರುವುದಿಲ್ಲ, ಅಲ್ವಾ?

ಶೇಕಡಾವಾರು ನೋಡಿದರೆ ನನ್ನ ಎಂಬಿಎ ಅವಳದ್ದನ್ನು ಎಲ್ಲೋ ಹಿಂದೆ ಹಾಕಿದೆ. 80 ಸಾವಿರ ಹಾಕಿ ವರ್ಷಕ್ಕೆ 1 ಲಕ್ಷದ 8 ಸಾವಿರ ಅಂದರೆ ಯಾವ ಮ್ಯೂಚುಯಲ್ ಫಂಡೂ ಕೊಡಲ್ಲ. ಆದರೆ ಬ್ಯಾಂಕಿಗೆ ಬೀಳುವುದು ರೂಪಾಯಿ, ಶೇಕಡಾ ಅಲ್ಲ. ಮೂರೂವರೆ ವರ್ಷ ದಾಟಿದ ಮೇಲೆ ಅವಳದ್ದು ತಿಂಗಳಿಗೆ 26 ಸಾವಿರ ಜಾಸ್ತಿ, ಸಾಲ ತೀರಿದ ಮೇಲೆ 51 ಸಾವಿರ. ನನ್ನದು ಅದೇ 9 ಸಾವಿರದಲ್ಲಿ ನಿಂತಿದೆ. ಇನ್ನೊಂದು ಮಾತು. ಅವಳಿಗೆ ಓದುವ ಮುಂಚೆಯೇ ತಿಂಗಳಿಗೆ 90 ಸಾವಿರ ಬರುತ್ತಿದ್ದರೆ ಈ ಲೆಕ್ಕ ನೆಗೆದು ಬೀಳುತ್ತಿತ್ತು. ಒಳ್ಳೆ ಸಂಬಳದ ಐಟಿಯವರು ಕೆಲಸ ಬಿಟ್ಟು ಫುಲ್‌ಟೈಮ್ ಓದುವ ಮುಂಚೆ ಎರಡು ಸಲ ಯೋಚಿಸಬೇಕಾದದ್ದು ಇದಕ್ಕೇ. ಐಐಎಂ ಬೆಂಗಳೂರಿನ ಪಿಜಿಪಿಇಎಂ ಥರದ, ಕೆಲಸ ಮಾಡುತ್ತಲೇ ಓದುವ ಕೋರ್ಸುಗಳು ಇರುವುದು ಅಂಥವರಿಗೆ. ಫೀಸೇನೂ ಕಡಿಮೆ ಇಲ್ಲ, ಸಂಬಳ ಮಾತ್ರ ನಿಲ್ಲುವುದಿಲ್ಲ.

ಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಇದೆ ಅಂತ ಬ್ಯಾಂಕಿನವರು ಹೇಳುತ್ತಾರೆ. ಸುಳ್ಳಲ್ಲ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಇ ಅಡಿ ಎಂಟು ವರ್ಷದವರೆಗೆ ಕಟ್ಟಿದ ಬಡ್ಡಿಯನ್ನೆಲ್ಲ ಕಳೆಯಬಹುದಿತ್ತು, ಮಿತಿಯೇ ಇಲ್ಲ. ಆದರೆ ಸಾಲದ ಅಸಲು ಮೊತ್ತಕ್ಕೆ ಇಲ್ಲ, ಮತ್ತೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ನಮ್ಮವಳು ಹೊಸದಕ್ಕೆ ಹೋದಳು. ರಿಯಾಯಿತಿ ಅಲ್ಲಿಗೆ ಮುಗೀತು.

ನನ್ನ ಸರ್ಟಿಫಿಕೇಟ್ ಕೋರ್ಸಿನ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ. ಎರಡು ಲಕ್ಷ ಫೀಸು, ಅದರ ಮೇಲೆ ಶೇ 18 ಜಿಎಸ್‌ಟಿ. ಪದವಿ ಕೋರ್ಸಿಗೆ ಜಿಎಸ್‌ಟಿ ಇಲ್ಲ, ಇಂಥದ್ದಕ್ಕೆ ಇದೆ. 36 ಸಾವಿರ ಅಲ್ಲೇ ಹೋಯಿತು, ಅಂದರೆ ನನ್ನ ಇಗ್ನೋ ಖರ್ಚಿನ ಅರ್ಧದ ಹತ್ತಿರ. ಸೇರುವವರೆಗೆ ದಿನಾ ಫೋನ್ ಮಾಡಿದ ಕೌನ್ಸೆಲರ್ ‘ಪ್ಲೇಸ್‌ಮೆಂಟ್ ಸಪೋರ್ಟ್’ ಅಂತ ಹೇಳಿದ್ದು, ಕೊನೆಗೆ ಯಾರು ಬೇಕಾದರೂ ಹುಡುಕಬಹುದಾದ ಜಾಬ್ ಲಿಂಕುಗಳ ಮೇಲ್ ಆಗಿ ಬಂತು. ಪಾಠ ಮಾಡಿದ ಮೇಷ್ಟ್ರು ಒಳ್ಳೆಯವರು, ಅದನ್ನು ಒಪ್ಪಬೇಕು. ಸಂಬಳ ಒಂದು ರೂಪಾಯಿಯೂ ಏರಲಿಲ್ಲ.

ಈ ಲೆಕ್ಕವೆಲ್ಲ ಮತ್ತೆ ತೆಗೆಯುವ ಹಾಗಾದದ್ದು ಬಾಮೈದನಿಂದ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದಿದ್ದ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸರ್ಕಾರಿ ಸೀಟು ಸಿಗುವ ಹಾಗಿತ್ತು. ಅಷ್ಟರಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ 9 ಲಕ್ಷಕ್ಕೆ ಕರೆಯಿತು. ಗಾಜಿನ ಕಟ್ಟಡ, ಎಸಿ ಕ್ಲಾಸು, ಬ್ಲೇಜರು. ‘ಹೈಯೆಸ್ಟ್ ಪ್ಯಾಕೇಜ್’ ಅಂತ ದೊಡ್ಡ ಅಕ್ಷರದ ಬೋರ್ಡು. ಹೆಂಡತಿ ಫೋನ್ ತಗೊಂಡು ಕೇಳಿದ್ದು ಎರಡೇ ಪ್ರಶ್ನೆ: ಕಳೆದ ವರ್ಷ ಎಷ್ಟು ಮಂದಿ ಪ್ಲೇಸ್‌ಮೆಂಟಿಗೆ ಕೂತಿದ್ದರು? ಅದರಲ್ಲಿ ಸರಿಯಾಗಿ ಮಧ್ಯದಲ್ಲಿ ಇದ್ದವನಿಗೆ ಎಷ್ಟು ಸಂಬಳ ಸಿಕ್ಕಿತು? ಸರಾಸರಿ ಬೇಡ ಅಂದಳು, ಏಕೆಂದರೆ ಒಬ್ಬನಿಗೆ 30 ಲಕ್ಷ ಸಿಕ್ಕರೆ ಸಾಕು, ಸರಾಸರಿ ತಾನಾಗಿ ಮೇಲೇರುತ್ತದೆ. ಆ ಕಡೆಯಿಂದ ‘ಕ್ಯಾಂಪಸ್‌ಗೆ ಬನ್ನಿ ಮೇಡಂ, ಮಾತಾಡೋಣ’ ಅಂತ ಉತ್ತರ ಬಂತು.

ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ್ದು ಈ ನಡುವಿನ ದರ್ಜೆಯ ಕಾಲೇಜುಗಳೇ. ಫೀಸು ಲಕ್ಷಗಳಲ್ಲಿ, ಕೆಲಸ ಸಿಗುವುದು ಬಿಕಾಂ ಮಾಡಿದವರೂ ಹೋಗುವ ಸೇಲ್ಸ್ ಹುದ್ದೆಗೆ. 9 ಲಕ್ಷಕ್ಕೆ ಕಂತು 11,400. ಸಂಬಳ 25 ಸಾವಿರ ಆದರೆ, ಪಿಜಿ ಬಾಡಿಗೆ ಕೊಟ್ಟ ಮೇಲೆ ಉಳಿಯುವುದೇನು? ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಯೋಜನೆ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ವರ್ಷಕ್ಕೆ 8 ಲಕ್ಷದೊಳಗಿನ ವರಮಾನದ ಮನೆಯ ಮಕ್ಕಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯಧನ ಇದೆ. ಆದರೆ ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ, ಅದೂ ಮೆರಿಟ್ ಮೇಲೆ ಸೇರಿದವರಿಗೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಸಿಗಲ್ಲ.

ಹುಡುಗ ಮೈಸೂರಿಗೆ ಹೋದ. ಸಾಲ ಮಾಡಲಿಲ್ಲ, ಮಾವನ ಉಳಿತಾಯದಲ್ಲೇ ಫೀಸು ಆಯಿತು. ಕ್ಯಾಂಪಸ್‌ಗೆ ದೊಡ್ಡ ದೊಡ್ಡ ಕಂಪನಿ ಬರಲ್ಲ ಅಂತ ಒಂದಿಷ್ಟು ಗೊಣಗುತ್ತಾನೆ. ಫೈನಾನ್ಸ್ ತಗೊಳ್ಳಲಾ, ಮಾರ್ಕೆಟಿಂಗ್ ತಗೊಳ್ಳಲಾ ಅಂತ ಮೊನ್ನೆ ನನಗೆ ಫೋನ್ ಮಾಡಿದ್ದ. ನಾನು ಫೋನನ್ನು ಅವನ ಅಕ್ಕನ ಕೈಗೆ ಕೊಟ್ಟೆ.